ಗೋಡೆಯ ಮೇಲಿನ ಎರಡು ಗಂಟೆ

ಬೆಳಿಗ್ಗೆ ಏಳೂ ಇಪ್ಪತ್ತು. ಮ್ಯಾನೇಜರರ ಕೋಣೆಯ ಬಾಗಿಲು ತೆರೆದೇ ಇತ್ತು. ಸ್ಕೇಲಮ್ಮ ಎಂದಿನಂತೆ ಎರಡು ಸಲ ತಟ್ಟಿ ಒಳಗೆ ಕಾಲಿಟ್ಟಳು. ಮೇಜಿನ ಮೇಲೆ ಚಹಾದ ಲೋಟ. ಪಕ್ಕದಲ್ಲಿ ಕನ್ನಡಕ. ಕುರ್ಚಿ ಖಾಲಿ. ಕುರ್ಚಿಯ ಹಿಂದೆ, ನೆಲದ ಮೇಲೆ, ಮ್ಯಾನೇಜರರು ಮಕಾಡೆ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು.

ಅವಳು ಕಿರುಚಲಿಲ್ಲ. ಮಂಡಿಯೂರಿ ಕುತ್ತಿಗೆಗೆ ಎರಡು ಬೆರಳಿಟ್ಟಳು. ನಾಡಿ ಇರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ಗಡಿಯಾರ ನೋಡಿ ಹೊತ್ತನ್ನು ಅಂಗೈ ಮೇಲೆ ಬರೆದುಕೊಂಡಳು. ಪೊಲೀಸರಿಗೆ ಫೋನ್ ಮಾಡಿದಳು. ಫೋನ್ ಇಟ್ಟು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದ ಮನುಷ್ಯ. ಜಗಳಗಂಟ, ಆದರೆ ನೇರ.

ಅದೊಂದು ಸಣ್ಣ ವಿಮಾನ ಮೈದಾನ. ಒಂದೇ ರನ್‌ವೇ, ಒಂದು ಉದ್ದನೆಯ ಶೆಡ್ಡು, ನಾಲ್ಕು ಕೋಣೆಯ ಕಚೇರಿ. ಪಾರ್ಸಲ್ ಸಾಗಿಸುವ ಒಂದು ಖಾಸಗಿ ಕಂಪನಿ, ಅದಕ್ಕೆ ಎರಡು ಪುಟ್ಟ ವಿಮಾನ. ಯಾವ ವಿಮಾನ ಎಷ್ಟು ಹೊತ್ತಿಗೆ ಎದ್ದಿತು ಎಂದು ನೋಡಿ ಬರೆಯುವ ಟವರ್ ಅಲ್ಲಿರಲಿಲ್ಲ. ಪೈಲಟ್ ಹೇಳಿದ ಹೊತ್ತೇ ಹೊತ್ತು.

ಸ್ಕೇಲಮ್ಮನ ನಿಜ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ನಕ್ಷೆಯ ಮೇಲೆ ಸ್ಕೇಲಿಟ್ಟು ಊರಿಂದೂರಿಗೆ ದೂರ ಅಳೆಯುವುದು, ಗಾಳಿ ಎತ್ತ ಬೀಸುತ್ತಿದೆ ಕೇಳುವುದು, ವಿಮಾನ ಎಷ್ಟು ನಿಮಿಷಕ್ಕೆ ತಲುಪೀತು ಎಂದು ಲೆಕ್ಕ ಹಾಕಿ ಪೈಲಟ್ ಕೈಗೆ ಚೀಟಿ ಕೊಡುವುದು ಅವಳ ಕೆಲಸ. ಚೀಟಿಯಲ್ಲಿ ಐದು ನಿಮಿಷ ತಪ್ಪಿದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಬೇರೆಯವರು ತಪ್ಪಿಸಿದರೆ ಅವರಿಗೂ ಸೇರದಂತೆ ನೋಡಿಕೊಳ್ಳುತ್ತಿದ್ದಳು.

* * *

ತನಿಖಾಧಿಕಾರಿ ಅರ್ಧ ಗಂಟೆಯಲ್ಲಿ ಬಂದ. ದಪ್ಪ ಮೀಸೆ, ಸಣ್ಣ ನೋಟ್‌ಬುಕ್. ಕೆಟ್ಟವನಲ್ಲ, ಅವಸರದವನು. ಹತ್ತು ಗಂಟೆಯೊಳಗೆ ಅವನ ನೋಟ್‌ಬುಕ್ಕಿನಲ್ಲಿ ಇಷ್ಟು ಸೇರಿತ್ತು.

ಮ್ಯಾನೇಜರರು ಆರೂ ನಲವತ್ತಕ್ಕೆ ಹೆಂಡತಿಗೆ ಫೋನ್ ಮಾಡಿದ್ದರು. ನಾಲ್ಕು ನಿಮಿಷ ಮಾತಾಡಿದ್ದರು. ಅಂದರೆ ಆರೂ ನಲವತ್ನಾಲ್ಕರ ತನಕ ಜೀವಂತ. ಏಳೂ ಇಪ್ಪತ್ತಕ್ಕೆ ಹೆಣ. ತಲೆ ಒಡೆದದ್ದು ಮರದ ತುಂಡಿನಿಂದ. ನಿಂತ ವಿಮಾನ ಉರುಳದಂತೆ ಚಕ್ರಕ್ಕೆ ಒತ್ತು ಕೊಡುತ್ತಾರಲ್ಲ, ಅಂಥದ್ದು. ರಕ್ತ ಮೆತ್ತಿದ ಆ ತುಂಡು ಇಂಧನದ ಶೆಡ್ಡಿನ ಬಾಗಿಲಲ್ಲೇ ಬಿದ್ದಿತ್ತು.

ಗೇಟಿನ ಕಾವಲುಗಾರನ ಪುಸ್ತಕದಂತೆ ಅವತ್ತು ಬೆಳಿಗ್ಗೆ ಸ್ಕೇಲಮ್ಮನಿಗಿಂತ ಮುಂಚೆ ಒಳಗೆ ಬಂದವರು ನಾಲ್ಕೇ ಮಂದಿ. ಮ್ಯಾನೇಜರರು. ಪಾರ್ಸಲ್ ವ್ಯಾನಿನ ಡ್ರೈವರ್. ವಿಮಾನ ಹಾರಿಸಿಕೊಂಡು ಹೋದ ಕ್ಯಾಪ್ಟನ್. ವಿಮಾನಕ್ಕೆ ಇಂಧನ ತುಂಬುವ ಟ್ಯಾಂಕರಿನವನು.

ಟ್ಯಾಂಕರಿನವನು ಎಂದರೆ ಸ್ಕೇಲಮ್ಮನ ಭಾವ. ಒಡಹುಟ್ಟಿದ ಅಕ್ಕನ ಗಂಡ.

ಸ್ಕೇಲಮ್ಮ ಮೊದಲು ವ್ಯಾನಿನವನ ಬೆನ್ನು ಹತ್ತಿದಳು. ಹೋದ ತಿಂಗಳು ಅವನಿಗೂ ಮ್ಯಾನೇಜರರಿಗೂ ತಡವಾಗಿ ಬಂದದ್ದಕ್ಕೆ ಜಟಾಪಟಿ ಆಗಿತ್ತು. ಕಾವಲುಗಾರನ ಪುಸ್ತಕ ಅವಳ ಆಸೆಗೆ ತಣ್ಣೀರೆರಚಿತು. ವ್ಯಾನು ಆರೂ ಹದಿನೈದಕ್ಕೇ ಹೊರಗೆ ಹೋಗಿತ್ತು. ಆರೂ ಐವತ್ತಕ್ಕೆ ಊರಿನ ಇನ್ನೊಂದು ತುದಿಯಲ್ಲಿ ಪಾರ್ಸಲ್ ಇಳಿಸಿ ಸಹಿ ಹಾಕಿಸಿಕೊಂಡಿತ್ತು.

"ವಿಮಾನ ಯಾವಾಗ ಹೋಯ್ತು?" ಎಂದು ಅವಳು ಕಾವಲುಗಾರನನ್ನು ಕೇಳಿದಳು.

"ದಿನಾ ಹೋಗುತ್ತಲ್ಲ ಅಕ್ಕ. ಯಾರು ತಲೆ ಎತ್ತಿ ನೋಡ್ತಾರೆ?" ಎಂದ ಅವನು.

ಕ್ಯಾಪ್ಟನ್ ಹೋಗಿದ್ದು ಆಚೆ ಊರಿಗೆ. ಅದು ದೊಡ್ಡ ಊರು, ಅಲ್ಲಿ ಟವರ್ ಇದೆ. ಅಧಿಕಾರಿ ಫೋನ್ ಮಾಡಿದ. ಕ್ಯಾಪ್ಟನ್ ಅಲ್ಲಿ ಇಳಿದದ್ದು ಸರಿಯಾಗಿ ಎಂಟೂವರೆಗೆ, ಇಲ್ಲಿಂದ ಆರೂವರೆಗೆ ಹೊರಟೆ ಎಂದು ದಾರಿಯಲ್ಲೇ ರೇಡಿಯೋದಲ್ಲಿ ಹೇಳಿದ್ದಾನೆ ಎಂಬ ಉತ್ತರ ಬಂತು. ಅಧಿಕಾರಿ ಕಚೇರಿಯ ಗೋಡೆ ನೋಡಿದ. ಗೋಡೆಯ ಮೇಲೆ ದಪ್ಪ ಅಕ್ಷರದ ಪಟ್ಟಿ. 'ಆಚೆ ಊರು. ದೂರ 510 ಕಿಲೋಮೀಟರ್. ಹಾರಾಟದ ಸಮಯ 2 ಗಂಟೆ.' ಎಂಟೂವರೆಯಲ್ಲಿ ಎರಡು ಕಳೆದರೆ ಆರೂವರೆ. ಮ್ಯಾನೇಜರರು ಫೋನಿನಲ್ಲಿ ಮಾತಾಡುತ್ತಿದ್ದಾಗ ಕ್ಯಾಪ್ಟನ್ ಮೋಡದ ಮೇಲಿದ್ದ.

ಉಳಿದವನು ಒಬ್ಬನೇ. ಹನ್ನೊಂದು ಗಂಟೆಗೆ ಭಾವನ ಕೈಗೆ ಕೋಳ ಬಿತ್ತು.

* * *

ಠಾಣೆಯ ಬೆಂಚಿನ ಮೇಲೆ ಭಾವ ಕೈ ಕಟ್ಟಿ ಕೂತಿದ್ದ. ಇಂಧನದ ವಾಸನೆ ಇನ್ನೂ ಅಂಗಿಯಲ್ಲಿತ್ತು. ಅಕ್ಕ ಅವನ ಪಕ್ಕದಲ್ಲಿ ನಿಂತಿದ್ದಳು. ಕೂತುಕೋ ಎಂದರೂ ಕೂರಲೊಲ್ಲಳು.

"ಹೋದ ವಾರ ಮ್ಯಾನೇಜರ್ ಜೊತೆ ಜಗಳ ಆಡಿದ್ದು ನಿಜ ತಾನೆ?" ಎಂದ ಅಧಿಕಾರಿ.

"ನಿಜ. ಬೆಂಕಿ ಆರಿಸೋ ಸಿಲಿಂಡರ್ ಖಾಲಿ ಇತ್ತು. ಹೊಸದು ಬರೋ ತನಕ ಪೆಟ್ರೋಲ್ ತುಂಬಲ್ಲ ಅಂದೆ. ಅವರು ಮೆಮೋ ಕೊಟ್ರು."

"ನಿಮಗೆ ಬುದ್ಧಿ ಕಲಿಸ್ತೀನಿ ಅಂತ ಕೂಗಾಡಿದ್ರಂತೆ."

"ಕೂಗಾಡಿದೆ. ಮಾರನೇ ದಿನ ಹೊಸ ಸಿಲಿಂಡರ್ ಬಂತು. ಅಲ್ಲಿಗೆ ಮುಗೀತು."

ಅಧಿಕಾರಿ ನೋಟ್‌ಬುಕ್ ತಿರುವಿದ. "ಮ್ಯಾನೇಜರ್ ತಮ್ಮ ಹೆಂಡತಿಗೆ ಫೋನಲ್ಲಿ ಏನಂದ್ರು ಗೊತ್ತಾ? 'ಇವತ್ತು ಒಬ್ಬನ ಹೊಟ್ಟೆ ಮೇಲೆ ಹೊಡೀಬೇಕಾಗಿದೆ. ಕಂಪನಿ ಯಜಮಾನರಿಗೂ ಇಷ್ಟ ಆಗಲ್ಲ. ಆದ್ರೂ ಮಾಡ್ಲೇಬೇಕು.' ಕೆಲಸದಿಂದ ತೆಗೆಯೋದು ಅಂದ್ರೆ ನಿಮ್ಮನ್ನೇ. ಅದು ನಿಮಗೆ ಗೊತ್ತಾಯ್ತು."

"ಗೊತ್ತಾಗಲಿಲ್ಲ. ನಾನು ಅವರ ಮುಖಾನೇ ನೋಡಿಲ್ಲ ಇವತ್ತು. ಆರು ಗಂಟೆಗೆ ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿದೆ. ಶೆಡ್ಡಿಗೆ ಹೋಗಿ ಜನರೇಟರ್ ಹಚ್ಚಿ ಫಿಲ್ಟರ್ ತೊಳೀತಾ ಕೂತೆ. ಆ ಗಲಾಟೆಯಲ್ಲಿ ಬೇರೇನೂ ಕೇಳಿಸಲ್ಲ. ವಿಮಾನ ತಲೆ ಮೇಲೇ ಹೋಗೋದ್ರಿಂದ ಅದೊಂದು ಕೇಳಿಸ್ತು."

"ಎಷ್ಟು ಹೊತ್ತಿಗೆ?"

"ಏಳರ ಹತ್ತಿರ."

"ಆರೂವರೆಗೆ."

"ಇಲ್ಲ ಸಾರ್, ಏಳರ ಹತ್ತಿರ. ಅದು ಹೋಗಿ ಸ್ವಲ್ಪ ಹೊತ್ತಿಗೇ ಪಕ್ಕದ ಕಾರ್ಖಾನೆ ಏಳರ ಸೈರನ್ ಕೂಗ್ತು. ಜನರೇಟರ್ ಆರಿಸ್ತಾ ಇದ್ದೆ, ಕೇಳಿಸ್ತು."

"ಕೈಗಡಿಯಾರ ನೋಡಿದ್ರಾ?"

"ಪೆಟ್ರೋಲ್ ಹತ್ತಿರ ಕೈಗಡಿಯಾರ, ಫೋನ್ ಏನೂ ಇಟ್ಕೊಳ್ಳೋ ಹಾಗಿಲ್ಲ. ಪೆಟ್ಟಿಗೆಯಲ್ಲಿ ಬೀಗ ಹಾಕಿಡ್ತೀವಿ."

ಅಧಿಕಾರಿ ಸ್ಕೇಲಮ್ಮನ ಕಡೆ ನೋಡಿ ನಕ್ಕ. "ನೋಡಿದ್ರಾ? ಹೊಣೆ ಕ್ಯಾಪ್ಟನ್ ಮೇಲೆ ಹೋಗ್ಲಿ ಅಂತ ಅರ್ಧ ಗಂಟೆ ಮುಂದಕ್ಕೆ ತಳ್ತಿದ್ದಾರೆ. ಸುಳ್ಳು ಹೇಳಿಕೆ. ಹಾಗಂತ ದಾಖಲು ಮಾಡಿದ್ದೀನಿ."

ಭಾವ ಸ್ಕೇಲಮ್ಮನ ಮುಖ ನೋಡಿದ. ಅವಳು ಕಣ್ಣು ತಪ್ಪಿಸಿದಳು. ಗೋಡೆಯ ಮೇಲಿನ ಎರಡು ಗಂಟೆ ಅವಳದೇ ಲೆಕ್ಕ. ಒಂಬತ್ತು ವರ್ಷದ ಹಿಂದೆ ತಾನೇ ಕೂತು ಬರೆದ ಪಟ್ಟಿ. ಒಂದು ಕಡೆ ತನ್ನ ಅಂಕಿ, ಇನ್ನೊಂದು ಕಡೆ ಭಾವನ ಮಾತು. ಆ ಗಳಿಗೆ ಅವಳು ಅಂಕಿಯನ್ನೇ ನಂಬಿದಳು. ಅದನ್ನು ಅಕ್ಕ ನೋಡಿಬಿಟ್ಟಳು.

"ನೀನೂನಾ?" ಎಂದಳು ಅಕ್ಕ. ಅಷ್ಟೇ. ಹೊರಗೆ ಬಂದ ಮೇಲೆ ತಂಗಿಯ ಜೊತೆ ನಡೆಯದೆ ರಸ್ತೆಯ ಆ ಬದಿಗೆ ದಾಟಿ ಒಬ್ಬಳೇ ನಡೆದಳು.

* * *

ಮಧ್ಯಾಹ್ನ ಮೂರೂ ನಲವತ್ನಾಲ್ಕಕ್ಕೆ ಕ್ಯಾಪ್ಟನ್ ವಿಮಾನ ಮರಳಿ ಇಳಿಸಿದ. ಪೊಲೀಸರು, ಸಿಬ್ಬಂದಿ, ಯಜಮಾನರು ಎಲ್ಲರೂ ಸಾಲಾಗಿ ನಿಂತು ನೋಡಿದರು. ಕ್ಯಾಪ್ಟನ್ ಯಜಮಾನರ ಮಗಳ ಗಂಡ. ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಮ್ಯಾನೇಜರರ ಖಾಲಿ ಕೋಣೆಯ ಮುಂದೆ ನಿಂತು ಎರಡು ನಿಮಿಷ ತಲೆ ತಗ್ಗಿಸಿದ. ನೋಡಿದವರಿಗೆ ಕರುಳು ಚುರುಕ್ ಎನ್ನುವಂತಿತ್ತು.

ಅಧಿಕಾರಿ ಸ್ಕೇಲಮ್ಮನ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟ.

"ಒಂದೇ ಸಾಲು ಬರೆದುಕೊಡಿ. ಎರಡು ಊರಿನ ನಡುವಿನ ದೂರ ಇಷ್ಟು, ಹಾರಾಟದ ಸಮಯ ಎರಡು ಗಂಟೆ ಅಂತ. ನನ್ನ ಫೋನಲ್ಲಿ ಹುಡುಕಿದ್ರೆ ಐನೂರ ಹತ್ತು ಕಿಲೋಮೀಟರಿಗೆ ಐವತ್ತೇಳು ನಿಮಿಷ ಅಂತ ತೋರಿಸ್ತಾ ಇದೆ."

"ಅದು ದೊಡ್ಡ ಜೆಟ್ ವಿಮಾನಕ್ಕೆ ಸಾರ್. ನಮ್ಮದು ಅದರ ಮುಂದೆ ಎತ್ತಿನ ಗಾಡಿ."

"ಅದಕ್ಕೇ ನಿಮ್ಮ ಸಹಿ ಬೇಕು. ನಾಳೆ ಹನ್ನೆರಡಕ್ಕೆ ನಿಮ್ಮ ಭಾವನ್ನ ಕೋರ್ಟಿಗೆ ಕರ್ಕೊಂಡು ಹೋಗಬೇಕು. ಅಷ್ಟರಲ್ಲಿ ಕಾಗದ ಗಟ್ಟಿ ಮಾಡ್ಕೋಬೇಕು."

ಅವಳು ಪೆನ್ನು ಎತ್ತಿಕೊಂಡಳು. ಬರೆಯುವುದು ಸರಿಯಾಗಿರಲಿ ಎಂದು ಕ್ಯಾಪ್ಟನ್ ಆಗಷ್ಟೇ ತಂದಿಟ್ಟ ಹಾರಾಟದ ಪುಸ್ತಕ ತೆರೆದಳು. ಅವನ ದುಂಡು ಅಕ್ಷರದಲ್ಲಿ ಎರಡು ಸಾಲು.

'ಹೋಗುವಾಗ: 6:30ರಿಂದ 8:30. ಎರಡು ಗಂಟೆ. ಎದುರು ಗಾಳಿ.'

'ಬರುವಾಗ: 1:30ರಿಂದ 3:44. ಎರಡು ಗಂಟೆ ಹದಿನಾಲ್ಕು ನಿಮಿಷ. ಎದುರು ಗಾಳಿ.'

ಅವಳು ಪೆನ್ನು ಕೆಳಗಿಟ್ಟಳು. ಇನ್ನೊಮ್ಮೆ ಓದಿದಳು.

"ಏನಾಯ್ತು?" ಎಂದ ಅಧಿಕಾರಿ.

"ನಾನು ಸಹಿ ಹಾಕಲ್ಲ."

"ಗೋಡೆ ಮೇಲೆ ಬರೆದಿರೋದು ನೀವೇ ಅಲ್ವಾ?"

"ಬರೆದಿದ್ದು ನಾನೇ. ಆದ್ರೆ ಹಾಕಲ್ಲ."

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು. "ನೋಡಮ್ಮ, ಭಾವ ಅಂತ ಕರುಳು ಎಳೆಯೋದು ಸಹಜ. ಆದ್ರೆ ಕಂಪನಿ ಮಾನ ಇದೆ. ನೀನೇ ಹಾಕಿದ ಲೆಕ್ಕಕ್ಕೆ ನೀನೇ ಸಹಿ ಹಾಕಲ್ಲ ಅಂದ್ರೆ ನಾಳೆಯಿಂದ ನಿನ್ನ ಲೆಕ್ಕ ನಮಗ್ಯಾಕೆ?"

ಒಂಬತ್ತು ವರ್ಷದ ಹಿಂದೆ ಆಗಿದ್ದರೆ ಈ ಮಾತಿಗೆ ಅವಳ ಕಾಲ ಕೆಳಗಿನ ನೆಲ ಕುಸಿಯುತ್ತಿತ್ತು. ಈಗ ಸಿಟ್ಟು ಬಂತು.

"ನಾಳೆ ಹನ್ನೊಂದು ಗಂಟೆಗೆ ಎಲ್ಲರೂ ಇಲ್ಲೇ ಸೇರಿ," ಎಂದಳು. "ಎಷ್ಟು ಸಮಯ ಅಂತ ಇವತ್ತಿನ ಲೆಕ್ಕ ಬರೆದುಕೊಡ್ತೀನಿ. ಸಹಿಯನ್ನೂ ಹಾಕ್ತೀನಿ. ಆಮೇಲೆ ನೀವು ನನ್ನ ತೆಗೆದುಹಾಕಿ ಸಾರ್, ಬೇಡ ಅನ್ನಲ್ಲ."

ಅಧಿಕಾರಿ ಮೀಸೆ ನೀವಿಕೊಂಡ. "ಹನ್ನೊಂದಕ್ಕೆ. ಒಂದು ನಿಮಿಷ ತಡ ಆದ್ರೂ ನಾನು ಕಾಯಲ್ಲ."

* * *

ಸಂಜೆ ಅವಳು ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ.

"ಸೈರನ್ನಿಗೆ ಸ್ವಲ್ಪ ಮುಂಚೆ ಅಂದ್ರಲ್ಲ ಭಾವ, ಎಷ್ಟು ಮುಂಚೆ ಅಂತ ನಿನಗೆ ಹೇಳಿದ್ರಾ?" ಎಂದು ಕೇಳಿದಳು ಸ್ಕೇಲಮ್ಮ.

"ನಿನಗ್ಯಾಕೆ? ನಿನಗೆ ನಿನ್ನ ಪಟ್ಟಿ ಇದೆಯಲ್ಲ." ಅಕ್ಕ ತಿರುಗಲಿಲ್ಲ. "ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ನನ್ನ ಹತ್ತಿರ ಒಂದು ಸುಳ್ಳು ಹೇಳಿಲ್ಲ. ಹೇಳೋಕೆ ಬರಲ್ಲ ಅವನಿಗೆ. ಹೊಸ ಸೀರೆ ಉಟ್ಟು ಹೇಗಿದೆ ಅಂದ್ರೆ ಚೆನ್ನಾಗಿಲ್ಲ ಅಂತಾನೆ."

"ನಾನು ಸಹಿ ಹಾಕ್ಲಿಲ್ಲ ಅಕ್ಕ."

ಅಕ್ಕ ಆಗ ತಿರುಗಿದಳು. ತಂಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಲೆ ಹಚ್ಚಿದಳು. "ಕೂತ್ಕೋ. ಏನಾದ್ರೂ ತಿಂದು ಹೋಗು. ನಾಳೆ ಕೆಲಸ ಇದೆ ನಿನಗೆ."

* * *

ಬೆಳಿಗ್ಗೆ ಏಳು ಗಂಟೆಗೇ ಸ್ಕೇಲಮ್ಮ ಫೋನ್ ಹಿಡಿದು ಕೂತಳು.

ಮೊದಲ ಫೋನು ಹವಾಮಾನ ಕಚೇರಿಗೆ. ಅವರು ದಿನಾ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಬಲೂನು ಹಾರಿಸಿ ಮೇಲಿನ ಗಾಳಿ ಅಳೆಯುತ್ತಾರೆ. ನಿನ್ನೆಯ ಅಂಕಿ ಓದಿ ಹೇಳಿದರು. ಅವಳು ಎರಡು ಸಲ ಕೇಳಿ ಬರೆದುಕೊಂಡಳು.

ಎರಡನೆಯದು ಆಚೆ ಊರಿನ ಟವರಿಗೆ. ಅಲ್ಲಿನ ಹೆಂಗಸಿನ ದನಿ ಅವಳಿಗೆ ಒಂಬತ್ತು ವರ್ಷದಿಂದ ಪರಿಚಯ. ಮುಖ ಒಮ್ಮೆಯೂ ನೋಡಿಲ್ಲ. ಆ ದನಿಗೆ ಶೀತವಾದರೂ ಇವಳಿಗೆ ಗೊತ್ತಾಗುತ್ತಿತ್ತು.

"ನಿನ್ನೆ ಬೆಳಿಗ್ಗೆ ನಮ್ಮ ವಿಮಾನ ನಿಮ್ಮ ರಡಾರಿಗೆ ಸಿಕ್ಕಾಗ ಎಷ್ಟು ವೇಗದಲ್ಲಿತ್ತು?"

"ತಡೀರಿ, ನೋಡಿ ಹೇಳ್ತೀನಿ." ಹಾಳೆ ಮಗುಚುವ ಸದ್ದು. ಆಮೇಲೆ ಒಂದು ಅಂಕಿ.

"ಇಳಿಸೋ ಮುಂಚೆ ಸುತ್ತು ಹೊಡೆಸಿದ್ರಾ?"

"ಇಲ್ಲ. ರನ್‌ವೇ ಖಾಲಿ ಇತ್ತು. ನೇರ ಬಂದ್ರು, ನೇರ ಇಳಿದ್ರು. ಯಾಕೆ ಕೇಳ್ತಿದ್ದೀರಿ?"

"ನಮ್ಮ ಭಾವನ ತಲೆ ಮೇಲೆ ಗೂಬೆ ಕೂರಿಸಿದ್ದಾರೆ. ಇಳಿಸಬೇಕು."

"ಮತ್ತೆ ಇನ್ನೊಂದು ಕೇಳಿ," ಎಂದಿತು ಆ ದನಿ. "ನಮ್ಮ ಇಂಧನದ ಕಚೇರಿ ನಂಬರ್ ಕೊಡ್ತೀನಿ. ವಿಮಾನದ ಹೊಟ್ಟೆಗೆ ಎಷ್ಟು ಲೀಟರ್ ಹಾಕಿದ್ರು ಅನ್ನೋ ಅಳತೆ ಅವರ ಹತ್ತಿರ ಇರುತ್ತೆ."

ಮೂರನೆಯ ಫೋನು ಅಲ್ಲಿಗೆ. ಆ ಅಂಕಿ ಕೇಳಿದ ಮೇಲೆ ಸ್ಕೇಲಮ್ಮ ಫೋನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭಾವ ನಿಜ ಹೇಳಿದ್ದ. ಅವಳಿಗೆ ಸಂತೋಷವಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ನಾಲ್ಕನೆಯದು ಅಧಿಕಾರಿಗೆ. "ಸಾರ್, ಬರೋವಾಗ ಒಂದು ಕೆಲಸ ಮಾಡ್ತೀರಾ? ಪೈಲಟ್‌ಗಳಿಗೆ ವರ್ಷಕ್ಕೊಮ್ಮೆ ಆರೋಗ್ಯ ಪರೀಕ್ಷೆ ಮಾಡೋ ಡಾಕ್ಟರ್ ಒಬ್ಬರಿದ್ದಾರೆ. ಅವರನ್ನ ಕಂಡು ಬನ್ನಿ."

"ಅದ್ಯಾಕೆ?"

"ಟ್ಯಾಂಕರಿನವನ ಕೆಲಸ ತೆಗೆದ್ರೆ ಯಜಮಾನರಿಗೆ ಯಾಕೆ ಬೇಜಾರಾಗಬೇಕು ಸಾರ್? ಅವರಿಗೆ ನಮ್ಮ ಭಾವನ ಹೆಸರೂ ಗೊತ್ತಿಲ್ಲ. ಅವರ ಅಳಿಯನ್ನ ನೆಲಕ್ಕಿಳಿಸೋಕೆ ಆ ಡಾಕ್ಟರ ಕಾಗದ ಒಂದೇ ಸಾಕು."

"ಡಾಕ್ಟರ ವಿಳಾಸ ಹೇಳಿ," ಎಂದ ಅಧಿಕಾರಿ.

* * *

ಹನ್ನೊಂದಕ್ಕೆ ಎಲ್ಲರೂ ಸೇರಿದರು. ಯಜಮಾನರು ಕುರ್ಚಿಯಲ್ಲಿ. ಕ್ಯಾಪ್ಟನ್ ಕಿಟಕಿಯ ಹತ್ತಿರ, ಕೈ ಕಟ್ಟಿಕೊಂಡು. ಅಧಿಕಾರಿ ಬಾಗಿಲಲ್ಲಿ, ಜೊತೆಗೆ ಇಬ್ಬರು ಪೇದೆಗಳು. ಅಕ್ಕ ಯಾರೂ ಕರೆಯದಿದ್ದರೂ ಬಂದು ಮೂಲೆಯಲ್ಲಿ ನಿಂತಿದ್ದಳು. ಹೊರಗೆ ಹೋಗಿ ಎಂದ ಪೇದೆಯನ್ನು ಅವಳು ನೋಡಿದ ರೀತಿಗೆ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಸ್ಕೇಲಮ್ಮ ಗೋಡೆಯ ಪಟ್ಟಿಯ ಕೆಳಗೆ ತೂಗುತ್ತಿದ್ದ ಕ್ಯಾಲೆಂಡರ್ ತೆಗೆದು ಪಕ್ಕಕ್ಕಿಟ್ಟಳು. ಅದರ ಹಿಂದೆ ಸಣ್ಣ ಅಕ್ಷರದ ಒಂದು ಸಾಲಿತ್ತು.

"ಇದನ್ನ ಯಾರಾದ್ರೂ ಓದಿದ್ದೀರಾ? 'ಈ ಸಮಯ ವಾಡಿಕೆಯ ಎದುರು ಗಾಳಿಗೆ ಮಾತ್ರ. ದಿನಾ ಗಾಳಿ ಕೇಳಿ ಲೆಕ್ಕ ಹಾಕಬೇಕು.' ವರ್ಷದಲ್ಲಿ ಮುಕ್ಕಾಲು ಭಾಗ ಆಚೆ ಊರಿಗೆ ಹೋಗೋವಾಗ ಗಾಳಿ ಎದುರಿಗೇ ಇರುತ್ತೆ. ಬೆಳಗಿನ ಹಾರಾಟಕ್ಕೆ ನಾನು ಬಂದಿರಲ್ಲ. ಪೈಲಟ್‌ಗಳು ಗೋಡೆ ನೋಡಿ ಎರಡು ಗಂಟೆ ಅಂತ ಬರೀತಾರೆ, ಎದುರು ಗಾಳಿ ಅಂತ ಬರೀತಾರೆ, ಹೋಗ್ತಾರೆ. ಎಲ್ಲರಿಗೂ ಅದೇ ಅಭ್ಯಾಸ. ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು."

"ಪಾಠ ಸಾಕು. ವಿಷಯಕ್ಕೆ ಬನ್ನಿ," ಎಂದ ಕ್ಯಾಪ್ಟನ್.

"ಬಂದೆ. ನಿನ್ನೆ ಹೋಗೋವಾಗ ಎದುರು ಗಾಳಿ ಅಂತ ಬರೆದಿದ್ದೀರಿ. ಬರೋವಾಗಲೂ ಎದುರು ಗಾಳಿ. ಸೈಕಲ್ ತುಳಿಯೋರನ್ನ ಕೇಳಿ ನೋಡಿ ಸಾರ್, ಒಂದೇ ರಸ್ತೆಯಲ್ಲಿ ಹೋಗ್ತಾ ಬರ್ತಾ ಎರಡೂ ಸಲ ಗಾಳಿ ಮುಖಕ್ಕೆ ಹೊಡೆಯುತ್ತಾ ಅಂತ."

"ಮಧ್ಯಾಹ್ನ ತಿರುಗಿರಬಹುದು. ಗಾಳಿ ನಿಮ್ಮ ಮಾತು ಕೇಳುತ್ತಾ?"

"ನನ್ನ ಮಾತು ಕೇಳಲ್ಲ. ಬಲೂನಿನ ಮಾತು ಕೇಳುತ್ತೆ. ಬೆಳಿಗ್ಗೆ ಆರಕ್ಕೆ ಬಿಟ್ಟ ಬಲೂನು ಹೇಳೋದು, ಗಾಳಿ ಆಚೆ ಊರಿನ ಕಡೆಗೇ ಬೀಸ್ತಿತ್ತು, ಗಂಟೆಗೆ ಅರವತ್ತು ಕಿಲೋಮೀಟರ್. ನಿಮ್ಮ ಬೆನ್ನಿಗಿತ್ತು. ಸಂಜೆಯ ಬಲೂನೂ ಅದನ್ನೇ ಹೇಳ್ತು, ನಿನ್ನೆ ಪೂರ್ತಿ ತಿರುಗಲಿಲ್ಲ."

ಅವಳು ಕಪ್ಪು ಹಲಗೆಯ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆದಳು.

"ನಮ್ಮ ವಿಮಾನ ಗಾಳಿ ಇಲ್ಲದಾಗ ಗಂಟೆಗೆ ಮುನ್ನೂರು ಓಡುತ್ತೆ. ಬೆನ್ನ ಗಾಳಿ ಅರವತ್ತು ಸೇರಿಸಿದ್ರೆ ಮುನ್ನೂರ ಅರವತ್ತು. ಐನೂರ ಹತ್ತು ಕಿಲೋಮೀಟರಿಗೆ ಒಂದು ಗಂಟೆ ಇಪ್ಪತ್ತೈದು ನಿಮಿಷ. ಏರೋಕೆ ಇಳಿಯೋಕೆ ಏಳು ನಿಮಿಷ. ಒಟ್ಟು ಒಂದು ಗಂಟೆ ಮೂವತ್ತೆರಡು. ವಾಪಸ್ ಬರೋವಾಗ ಅದೇ ಅರವತ್ತು ಕಳೀಬೇಕು. ಎರಡು ಗಂಟೆ ಹದಿನಾಲ್ಕು ಬರುತ್ತೆ. ಅದು ಸರಿಯಾಗೇ ಇದೆ, ಯಾಕಂದ್ರೆ ಇಳಿಯೋದನ್ನ ನಾವೆಲ್ಲ ನಿಂತು ನೋಡಿದ್ವಿ. ಎಂಟೂವರೆಯಲ್ಲಿ ಒಂದು ಮೂವತ್ತೆರಡು ಕಳೆಯಿರಿ."

ಅಧಿಕಾರಿಯ ತುಟಿ ಅಲುಗಿತು. "ಆರೂ ಐವತ್ತೆಂಟು."

"ಏಳರ ಹತ್ತಿರ," ಎಂದಳು ಮೂಲೆಯಿಂದ ಅಕ್ಕ.

ಕ್ಯಾಪ್ಟನ್ ನಕ್ಕ. "ಭಾವನ್ನ ಉಳಿಸೋಕೆ ಲೆಕ್ಕ ತಿರುಚ್ತಿದ್ದಾಳೆ. ಗಾಳಿ ಬೆನ್ನಿಗಿತ್ತು ಅಂತಲೇ ಇಟ್ಕೊಳ್ಳಿ. ನಾನು ನಿಧಾನವಾಗಿ ಹೋದೆ. ಅದೇನು ಅಪರಾಧಾನಾ?"

"ಆಚೆ ಊರಿನ ರಡಾರ್‌ನಲ್ಲಿ ನೀವು ಸಿಕ್ಕಿದ್ದು ಗಂಟೆಗೆ ಮುನ್ನೂರ ಅರವತ್ತರಲ್ಲಿ. ನಿಧಾನ ಅಲ್ಲ."

"ಬೇಗ ತಲುಪಿದೆ. ದಾರಿಯಲ್ಲಿ ಸುತ್ತು ಹೊಡೆದು ಹೊತ್ತು ಕಳೆದೆ. ಕೆಳಗೆ ಜಾಗ ಖಾಲಿ ಇರ್ಲಿಲ್ಲ."

"ಖಾಲಿ ಇತ್ತು ಅಂತ ಟವರಿನವರು ಬರೆದುಕೊಡ್ತಾರೆ. ಇರಲಿ, ಸುತ್ತು ಹೊಡೆದ್ರಿ ಅಂತಲೇ ಇಟ್ಕೊಳ್ಳೋಣ. ಎರಡು ಗಂಟೆ ಆಕಾಶದಲ್ಲಿದ್ರೆ ಎರಡು ಗಂಟೆಯ ಪೆಟ್ರೋಲ್ ಉರೀಬೇಕು. ಗಂಟೆಗೆ ನೂರ ಇಪ್ಪತ್ತು ಲೀಟರ್, ಅಂದ್ರೆ ಇನ್ನೂರ ನಲವತ್ತು. ಇಲ್ಲಿಂದ ಟ್ಯಾಂಕ್ ತುಂಬಿಸಿ ಕಳಿಸಿದ್ದು ನಮ್ಮ ಭಾವ. ಅಲ್ಲಿ ಇಳಿದ ಮೇಲೆ ಮತ್ತೆ ಪೂರ್ತಿ ತುಂಬಿಸಿಕೊಂಡ್ರಿ. ಎಷ್ಟು ಹಿಡೀತು ಹೇಳಿ?"

ಕ್ಯಾಪ್ಟನ್ ಕಟ್ಟಿದ ಕೈ ಬಿಚ್ಚಿದ.

"ನೂರ ಎಂಬತ್ತಾರು," ಎಂದಳು ಸ್ಕೇಲಮ್ಮ. "ಒಂದೂವರೆ ಗಂಟೆಯ ಪೆಟ್ರೋಲ್. ಆಚೆ ಊರಿನ ಪಂಪು ನನ್ನ ನೆಂಟ ಅಲ್ಲ. ಬಲೂನೂ ಅಲ್ಲ, ರಡಾರೂ ಅಲ್ಲ. ನೀವು ಮೇಲೆದ್ದಿದ್ದು ಆರೂ ಐವತ್ತೆಂಟಕ್ಕೆ. ಮ್ಯಾನೇಜರ್ ಫೋನ್ ಇಟ್ಟು ಹದಿನಾಲ್ಕು ನಿಮಿಷದ ಮೇಲೆ. ದಾರಿಯಲ್ಲಿ ಗಾಳಿ ಬೆನ್ನಿಗಿರೋದು ನಿಮಗೆ ಗೊತ್ತಾಯ್ತು, ಎಂಟೂವರೆಗೆ ತಲುಪ್ತೀನಿ ಅಂತ ಗೊತ್ತಾಯ್ತು. ಎರಡು ಗಂಟೆ ಹಿಂದಕ್ಕೆ ಎಣಿಸಿದ್ರಿ, ಆರೂವರೆಗೆ ಹೊರಟೆ ಅಂತ ರೇಡಿಯೋದಲ್ಲಿ ಹೇಳಿದ್ರಿ. ಎಲ್ಲರೂ ಗೋಡೆ ನೋಡ್ತಾರೆ, ಗಾಳಿ ಯಾರೂ ಕೇಳಲ್ಲ ಅನ್ನೋ ಧೈರ್ಯ. ಗಾಳಿ ನಿಮಗೆ ಇಪ್ಪತ್ತೆಂಟು ನಿಮಿಷ ಕೊಡ್ತು. ಅದನ್ನ ನಮ್ಮ ಭಾವನ ಕುತ್ತಿಗೆಗೆ ಕಟ್ಟಿದ್ರಿ."

"ನನಗೇನು ಕಾರಣ?" ಕ್ಯಾಪ್ಟನ್ ದನಿ ಒಡೆದಿತ್ತು. "ಮ್ಯಾನೇಜರ್ ಮೇಲೆ ನನಗೇನು ದ್ವೇಷ?"

ಅಧಿಕಾರಿ ಜೇಬಿನಿಂದ ಒಂದು ಕಾಗದ ತೆಗೆದು ಯಜಮಾನರ ಮುಂದಿಟ್ಟ. "ನಿಮ್ಮ ಅಳಿಯನ ಕಣ್ಣಿನ ವರದಿ. ಎಡಗಣ್ಣು ಮುಕ್ಕಾಲು ಹೋಗಿದೆ. ಡಾಕ್ಟರ್ ಹೋದ ವಾರವೇ ಮ್ಯಾನೇಜರಿಗೆ ಕಳಿಸಿದ್ರಂತೆ. ಮ್ಯಾನೇಜರ್ ಮೇಜಿನಲ್ಲಿ ಈಗ ಆ ಪ್ರತಿ ಇಲ್ಲ. ಇದು ಡಾಕ್ಟರ ಹತ್ತಿರ ಉಳಿದಿದ್ದು."

ಯಜಮಾನರು ಕಾಗದ ಓದಿದರು. ಓದುತ್ತ ಓದುತ್ತ ಮುಖ ಕಪ್ಪಿಟ್ಟಿತು. "ನನಗೆ ಯಾಕೆ ಹೇಳ್ಲಿಲ್ಲ?" ಎಂದರು ಅಳಿಯನಿಗೆ.

"ಹೇಳಿದ್ರೆ ನೀವೇನು ಮಾಡ್ತಿದ್ರಿ ಮಾವ?" ಕ್ಯಾಪ್ಟನ್ ಕಿಟಕಿಯ ಆಚೆ ವಿಮಾನದ ಕಡೆ ನೋಡುತ್ತ ಹೇಳಿದ. "ಹದಿನೆಂಟು ವರ್ಷ ಹಾರಿದ್ದೀನಿ. ಚಕ್ರದ ಗಾಳಿ ನೋಡ್ತಾ ತಡ ಆಯ್ತು, ಚಕ್ರಕ್ಕಿಟ್ಟ ಕಟ್ಟಿಗೆ ತೆಗೆದು ಹೊರಡೋದರಲ್ಲಿದ್ದೆ. ಅವನು ಕಿಟಕಿಯಿಂದ ಕರೆದ. ಕೈಯಲ್ಲಿದ್ದ ಕಟ್ಟಿಗೆ ಹಿಡ್ಕೊಂಡೇ ಹೋದೆ. ಇದೇ ಕೊನೆ ಹಾರಾಟ, ನಾಳೆಯಿಂದ ನೆಲದ ಮೇಲೆ ಕೂತ್ಕೋ ಅಂದ. ಕೈ ಮುಗಿದು ಕೇಳ್ಕೊಂಡೆ. ಬೆನ್ನು ತಿರುಗಿಸಿ ಕಾಗದ ಹುಡುಕೋಕೆ ಶುರು ಮಾಡಿದ."

ಪೇದೆಗಳು ಅವನ ಎರಡೂ ಬದಿಗೆ ಬಂದು ನಿಂತರು.

"ಕಟ್ಟಿಗೆನ ನಮ್ಮ ಮನೆಯವರ ಶೆಡ್ಡಿನ ಬಾಗಿಲಿಗೆ ಎಸೆದಿದ್ದು ಯಾಕೆ?" ಎಂದು ಅಕ್ಕ ಕೇಳಿದಳು. "ಅಷ್ಟು ದೊಡ್ಡ ಮೈದಾನ ಇತ್ತಲ್ಲ."

ಕ್ಯಾಪ್ಟನ್ ಅವಳ ಮುಖ ನೋಡದೆ ಪೇದೆಗಳ ನಡುವೆ ಹೊರಗೆ ನಡೆದ.

* * *

ಹನ್ನೆರಡಕ್ಕೆ ಕೋರ್ಟಿಗೆ ಹೋಗಬೇಕಾಗಿದ್ದ ಭಾವ ಠಾಣೆಯ ಮೇಜಿನ ಮುಂದೆ ನಿಂತಿದ್ದ. ಅಧಿಕಾರಿ ಒಂದು ಕಾಗದಕ್ಕೆ ಮುದ್ರೆ ಒತ್ತಿ ಅವನ ಕಡೆ ತಳ್ಳಿದ. "ಸಾಕ್ಷಿ ಸಾಲದೆ ಬಿಡುಗಡೆ. ಇಲ್ಲಿ ಸಹಿ ಹಾಕಿ ಮನೆಗೆ ಹೋಗಿ."

ಭಾವ ಪೆನ್ನಿಗೆ ಕೈ ಚಾಚಿದ. ಸ್ಕೇಲಮ್ಮ ಪೆನ್ನು ಮೊದಲೇ ಎತ್ತಿಕೊಂಡಳು.

"ಸಾಕ್ಷಿ ಸಾಲದೆ ಅಲ್ಲ ಸಾರ್. ಅವರು ಹೇಳಿದ್ದು ನಿಜ ಅಂತ ಬರೀರಿ."

"ಎರಡಕ್ಕೂ ಏನಮ್ಮ ವ್ಯತ್ಯಾಸ? ಬಿಟ್ಟಾಯ್ತಲ್ಲ."

"ನಿನ್ನೆ ಸುಳ್ಳು ಹೇಳಿಕೆ ಅಂತ ದಾಖಲು ಮಾಡಿದ್ರಿ. ಆ ಸಾಲು ಇನ್ನೂ ಅಲ್ಲೇ ಇದೆ. ಅದನ್ನ ಹೊಡೆದುಹಾಕಿ, ವಿಮಾನ ಏಳರ ಹತ್ತಿರ ಹೋಯ್ತು ಅಂತ ಇವರು ಹೇಳಿದ್ದು ನಿಜ ಅಂತ ಬರೆದು ಮುದ್ರೆ ಒತ್ತಿ. ಇಲ್ಲಾಂದ್ರೆ ನಾವು ಹೋಗಲ್ಲ."

"ಹಾಗೆಲ್ಲ ಬರೆಯೋ ಪದ್ಧತಿ ಇಲ್ಲ."

"ಹಾಗಾದ್ರೆ ಕಾಯ್ತೀವಿ," ಎಂದು ಸ್ಕೇಲಮ್ಮ ಬೆಂಚಿನ ಮೇಲೆ ಕೂತಳು. ಅಕ್ಕ ಬಂದು ಅವಳಿಗೆ ಅಂಟಿಕೊಂಡು ಕೂತಳು. ಭಾವ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಅವನೂ ಕೂತ.

ಅಧಿಕಾರಿ ಬೇರೆ ಕಡತ ತೆರೆದ. ಯಾರ ಹತ್ತಿರವೋ ಫೋನಿನಲ್ಲಿ ಮಾತಾಡಿದ. ಊಟಕ್ಕೆ ಹೋಗಿ ಬಂದ. ಮೂವರೂ ಅಲ್ಲೇ ಇದ್ದರು. ಎರಡೂಕಾಲು ಗಂಟೆಗೆ ಅವನು ನಿಟ್ಟುಸಿರು ಬಿಟ್ಟು ದಾಖಲೆಯ ಪುಸ್ತಕ ತೆಗೆದ. ಹಳೆಯ ಸಾಲಿನ ಮೇಲೆ ಗೆರೆ ಎಳೆದ. ಕೆಳಗೆ ಹೊಸದು ಬರೆದ. ಅದರ ಪ್ರತಿಯನ್ನು ಭಾವನ ಕೈಗೆ ಕೊಟ್ಟ.

ಸ್ಕೇಲಮ್ಮ ಭಾವನ ಮುಖ ನೋಡಿದಳು. ಈ ಸಲ ಕಣ್ಣು ತಪ್ಪಿಸಲಿಲ್ಲ. "ಭಾವ, ನಿನ್ನೆ ನಾನೂ ನಿಮ್ಮನ್ನ ನಂಬ್ಲಿಲ್ಲ. ನನ್ನ ಪಟ್ಟಿ ನಂಬಿದೆ."

"ಗೊತ್ತು," ಎಂದ ಭಾವ. ಕಾಗದವನ್ನು ಬೆಳಕಿಗೆ ಹಿಡಿದು ನಿಧಾನವಾಗಿ, ಅಕ್ಕನಿಗೆ ಕೇಳಿಸುವಂತೆ, ಪೂರ್ತಿ ಓದಿದ. ಎರಡು ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಓದಿ ಮುಗಿಸಿದ ಭಾವ ಕಾಗದವನ್ನು ಅಧಿಕಾರಿಯ ಮೇಜಿನ ಮೇಲೆ ಮತ್ತೆ ಇಟ್ಟ.

"ಇನ್ನೇನು?" ಎಂದ ಅಧಿಕಾರಿ.

"ಏಳರ ಹತ್ತಿರ ಅಂತ ಬರೆದಿದ್ದೀರಿ ಸಾರ್. ಅದು ನಾನು ಅಂದಾಜಿಗೆ ಹೇಳಿದ್ದು. ಆರೂ ಐವತ್ತೆಂಟು ಅಂತ ಪಕ್ಕದಲ್ಲಿ ಸೇರಿಸಿಬಿಡಿ. ಎರಡು ನಿಮಿಷ ಆದ್ರೂ ನನ್ನ ಹೆಸರಲ್ಲಿ ತಪ್ಪು ಇರೋದು ಬೇಡ."